ಒಡ್ಡಿನ ಬಾಗಿನ

ಹೊಳೆದಂಡೆಯಲ್ಲಿ ನಿಂಗವ್ವನದೊಂದು ತಗ್ಗು ಹೊಲ. ಮಳೆಗಾಲದಲ್ಲಿ ಹೊಳೆ ಅಲ್ಲಿ ಹರಡಿ ನಿಲ್ಲುತ್ತಿತ್ತು, ಕೊಕ್ಕರೆಗಳು ಇಳಿಯುತ್ತಿದ್ದವು.

"ಕೊಕ್ಕರೆ ಮೇಯಿಸಾಕ ಹೊಲ ಬೇಕೇನು? ನೀರು ಇತ್ತ ಬರದಂಗ ದಂಡಿಗೆ ಒಡ್ಡು ಹಾಕಸ್ತೀನಿ, ನಾಳೆ ಗುದ್ದಲಿಪೂಜೆ," ಎಂದ ಊರ ಗೌಡ.

ನಿಂಗವ್ವ ಪೂಜೆಗೆ ಮೊರದ ಬಾಗಿನ ಹೊತ್ತು ಬಂದಳು.

"ಇದ್ಯಾರಿಗೆ?"

"ಕೆಳಗಿನೂರಿಗೆ ಕೊಟ್ಟ ನಿಮ್ಮ ಮಗಳಿಗೆ, ಗೌಡ್ರೆ. ಇಲ್ಲಿ ನಿಲ್ಲದ ನೀರು ಸೀದಾ ಅವರ ಮನೆಗೇ ನುಗ್ಗತೈತಿ. ತವರಿನಿಂದ ಹೋಗೋದು ಬರಿಗೈಲಿ ಹೋಗಬಾರದು, ನೋಡ್ರಿ."

ಗೌಡ ಬಾಗಿನ ನೋಡಿದ, ಹೊಳೆ ನೋಡಿದ. ಗುದ್ದಲಿಯನ್ನು ಗಾಡಿಗೆ ಹಾಕಿಸಿ, "ಬಾಗಿನ ಇಲ್ಲಿ ಕೊಡು, ನಾನೇ ಮುಟ್ಟಸ್ತೀನಿ," ಎಂದ.

ಆ ವರ್ಷವೂ ಹೊಳೆ ಹೊಲಕ್ಕೆ ಬಂತು. ನಿಂಗವ್ವ ಪಾದ ನೆನೆಸಿಕೊಂಡು ನಿಂತಳು. ಅವಳ ತವರೂ ಕೆಳಗಿನೂರೇ. ಅಲ್ಲಿಂದ ಬಾಗಿನ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು.

"ಮೆಲ್ಲಗೆ ಹೋಗು ತಾಯಿ," ಎಂದಳು ಇಳಿಯುವ ನೀರಿಗೆ, "ನಮ್ಮವ್ವನ ಅಂಗಳ ಬಾಳ ತಗ್ಗು."