ಕಾಫಿಯ ಜೊತೆ ಕೊಟ್ಟ ಮಾತ್ರೆ

ಹಾಸನದಲ್ಲಿ ನಮ್ಮ ಮನೆತನದವರು ನಾಲ್ಕು ತಲೆಮಾರಿನಿಂದ ಕಾಫಿಪುಡಿಯ ವ್ಯಾಪಾರ ಮಾಡಿಕೊಂಡು ಬಂದಿದ್ದಾರೆ. ನಮ್ಮ ಮಾವನವರ ತಂದೆ ಸಿದ್ದಲಿಂಗಪ್ಪನವರು ಬೀಜವನ್ನು ತಾವೇ ಆರಿಸಿ, ತಾವೇ ಹುರಿದು, ಗಿರಾಕಿಯ ಕಣ್ಣೆದುರಿಗೇ ಪುಡಿ ಮಾಡಿ ಕೊಡುತ್ತಿದ್ದರು. ಚಿಕೋರಿ ಬೆರೆಸಿದ್ದರೆ ಬೆರೆಸಿದೆ ಎಂದು ಹೇಳಿಯೇ ಮಾರುತ್ತಿದ್ದರು. ನಮ್ಮವರ ಹೆಸರು ಇಂದಿನವರೆಗೆ ಯಾವ ಕೋರ್ಟಿನ ಕಾಗದದಲ್ಲೂ ಬಂದಿಲ್ಲ. ನಮ್ಮ ಜಗಲಿ ಹತ್ತಿದವರು ಯಾರೇ ಆಗಲಿ, ಕಾಫಿ ಕುಡಿಯದೆ ಇಳಿದುಹೋದದ್ದಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಲಿತ ಕೈಬರಹವನ್ನೂ ಹೊತ್ತಿಗೆ ಸರಿಯಾಗಿ ನಡೆಯುವುದನ್ನೂ ಇಂದಿಗೂ ಬಿಟ್ಟಿಲ್ಲ. ಇಪ್ಪತ್ತೆರಡು ವರ್ಷದಿಂದ ನಮ್ಮ ಬಡಾವಣೆಯ ಮಹಿಳಾ ಸಮಾಜದ ಕಾರ್ಯದರ್ಶಿಯಾಗಿದ್ದೇನೆ. ಇಷ್ಟನ್ನೂ ಹೇಳಿದ್ದು ಬಡಾಯಿಗಲ್ಲ. ಮುಂದೆ ಹೇಳುವ ತಪ್ಪು ನಡೆದದ್ದು ತಿಳಿವಳಿಕೆಯಿಲ್ಲದವರ ಮನೆಯಲ್ಲಿ ಅಲ್ಲ ಎಂಬುದು ಓದುವವರಿಗೆ ಗೊತ್ತಿರಬೇಕು.

ಸಮಾಜದ ವಾಟ್ಸಾಪ್ ಗುಂಪಿಗೆ ದಿನವೂ ನೀತಿಕಥೆಗಳು ಬರುತ್ತವೆ. ಅವುಗಳಲ್ಲಿ ನರಿ ತಪ್ಪು ಮಾಡುತ್ತದೆ, ಕಾಗೆ ತಪ್ಪು ಮಾಡುತ್ತದೆ, ದುರಾಸೆಯ ಸಾಹುಕಾರ ತಪ್ಪು ಮಾಡುತ್ತಾನೆ. ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನು. ದೊಡ್ಡವರು ಓದಿ, ಮನೆಯ ಮಕ್ಕಳಿಗೂ ಓದಿ ಹೇಳಿ.

ನನ್ನ ಸೊಸೆ ರಂಜಿತಾ ಬಸುರಿಯಾದಳು. ಐದನೆಯ ತಿಂಗಳಲ್ಲಿ ಅವಳಿಗೆ ಮಹಡಿಯ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಬಟ್ಟೆ ಒಣಹಾಕಿ ಬಂದವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಮ್ಮ ವಾರ್ಡಿನ ನರ್ಸಮ್ಮ ದೇವೀರಮ್ಮನವರು ಮನೆಗೇ ಬಂದು ಅವಳ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ ಹನ್ನೊಂದು ಇರಬೇಕಾದ ಕಡೆ ಎಂಟೂವರೆ ಇತ್ತು. ಕಬ್ಬಿಣಾಂಶದ ಕೆಂಪು ಮಾತ್ರೆಗಳ ಸ್ಟ್ರಿಪ್ಪುಗಳನ್ನು ಕೊಟ್ಟರು.

"ಊಟ ಆದಮೇಲೆ ದಿನಕ್ಕೊಂದು, ನಿಂಬೆಹಣ್ಣಿನ ನೀರಲ್ಲಿ ನುಂಗಮ್ಮ. ಮಲ ಕಪ್ಪಗೆ ಹೋದ್ರೆ ಹೆದರಬೇಡ, ಅದು ಮಾತ್ರೆ ಬಣ್ಣ. ಒಂದು ಮಾತು ಮಾತ್ರ ನೆನಪಿಟ್ಕೋ. ಮಾತ್ರೆಗೆ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಕಾಫಿ ಬೇಡ, ಟೀ ಬೇಡ, ಹಾಲೂ ಬೇಡ."

ಇದನ್ನು ಅವರು ಹೇಳಿದ್ದು ನಮ್ಮ ಜಗಲಿಯಲ್ಲಿ ಕುಳಿತು, ನಮ್ಮ ಕಾಫಿ ಕುಡಿಯುತ್ತ. ಅಲ್ಲಿ ನಮ್ಮ ಯಜಮಾನರು ಇದ್ದರು. ತುಮಕೂರಿನಿಂದ ಬಂದ ಇಬ್ಬರು ನೆಂಟರೂ ಇದ್ದರು.

ಯಜಮಾನರು ನಕ್ಕರು. "ಏನಮ್ಮ ದೇವೀರಮ್ಮ, ಕಾಫಿಪುಡಿಯವರ ಮನೇಲಿ ಕೂತು, ಅವರ ಕಾಫಿನೇ ಕುಡಿದು, ಅವರ ಸೊಸೆಗೆ ಕಾಫಿ ಬೇಡ ಅಂತೀಯಲ್ಲ! ನಿನ್ನ ಧೈರ್ಯ ಮೆಚ್ಚಬೇಕು."

"ಕಾಫಿನ ನಾನು ಬೈದಿಲ್ಲ ಯಜಮಾನ್ರೇ. ಇನ್ನೊಂದು ಲೋಟ ಕೊಟ್ರೆ ಅದನ್ನೂ ಕುಡೀತೀನಿ. ಎರಡೂ ಒಟ್ಟಿಗೆ ಬೇಡ ಅಂದೆ ಅಷ್ಟೆ. ಮಾತ್ರೇಲಿರೋ ಕಬ್ಬಿಣದ ಸತ್ವನ ಕಾಫಿ ರಕ್ತಕ್ಕೆ ಸೇರೋಕೆ ಬಿಡಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನೆಂಟರ ಎದುರಿಗೆ ನಮ್ಮ ಮನೆಯ ಕಾಫಿಯಲ್ಲಿ ದೋಷ ಹೇಳಿದಳಲ್ಲ ಎಂದು ನನಗೆ ಸಿಟ್ಟು ಬಂತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮಾತ್ರೆ ಯಾವುದೇ ಇರಲಿ, ತಲೆನೋವಿನದಿರಲಿ, ಬಿಪಿಯದಿರಲಿ, ಅದನ್ನು ನುಂಗುವುದು ಕಾಫಿಯಲ್ಲಿ. ಮಾವನವರು ಹಾಗೆ ಮಾಡುತ್ತಿದ್ದರು, ಅತ್ತೆಯವರೂ ಹಾಗೆ ಮಾಡುತ್ತಿದ್ದರು. ಬೆಳಗ್ಗೆ ಲೋಟ ಬಟ್ಟಲಿನ ಪಕ್ಕದಲ್ಲಿ ಅವರವರ ಮಾತ್ರೆಯನ್ನು ಇಟ್ಟರೆ ಮಾತ್ರೆ ಮರೆಯುವುದಿಲ್ಲ, ಬಾಯಿ ಕಹಿಯಾಗುವುದಿಲ್ಲ. ಇನ್ನೊಂದು ಪದ್ಧತಿಯೂ ಇತ್ತು. ಮನೆಯ ಹೆಂಗಸರ ಊಟ ಎಲ್ಲರದೂ ಮುಗಿದ ಮೇಲೆ. ರಂಜಿತಾ ಊಟಕ್ಕೆ ಕೂರುವಾಗ ಎರಡೂವರೆ ದಾಟುತ್ತಿತ್ತು. ಪಲ್ಯ, ಸೊಪ್ಪು ಮುಗಿದು ಸಾರು ಮಾತ್ರ ಉಳಿದಿರುತ್ತಿತ್ತು. ಅವಳು ಎದ್ದು ಕೈ ತೊಳೆಯುವಷ್ಟರಲ್ಲಿ ಮಧ್ಯಾಹ್ನದ ಕಾಫಿಯ ಹೊತ್ತಾಗುತ್ತಿತ್ತು.

ಸೊಸೆಯ ಮೇಲೆ ನನಗೆ ಅಕ್ಕರೆ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಅವಳ ಕಾಫಿಯನ್ನು ನಾನೇ ಬೆರೆಸುತ್ತಿದ್ದೆ. ಮೊದಲ ಡಿಕಾಕ್ಷನ್ ಅವಳಿಗೇ ಎತ್ತಿಡುತ್ತಿದ್ದೆ. ಆ ಲೋಟದ ಪಕ್ಕದಲ್ಲಿ ಕೆಂಪು ಮಾತ್ರೆಯನ್ನು ನಾನೇ ಇಡುತ್ತಿದ್ದೆ.

ಮೊದಲ ದಿನ ಅವಳು ಕೇಳಿದಳು. "ಅತ್ತೆ, ನಿಂಬೆಹಣ್ಣಿನ ನೀರಲ್ಲಿ ತಗೋ ಅಂದಿದ್ರಲ್ಲ ನರ್ಸಮ್ಮ?"

"ಅವರು ಎಲ್ಲಾ ಮನೇಲೂ ಅದನ್ನೇ ಹೇಳ್ತಾರೆ. ಈ ಮನೇಲಿ ನಾಲ್ಕು ತಲೆಮಾರಿನ ಬಸುರಿ ಬಾಣಂತಿಯರು ಕಾಫಿ ಕುಡಿದೇ ಹೆತ್ತಿದ್ದಾರೆ. ಆರೋಕೆ ಮುಂಚೆ ಕುಡಿ."

ಅವಳು ಕುಡಿದಳು. ಎರಡನೆಯ ದಿನ ಕೇಳಲಿಲ್ಲ.

ಒಂದು ತಿಂಗಳಾದ ಮೇಲೆ ನರ್ಸಮ್ಮ ಮತ್ತೆ ಬಂದರು. ರಕ್ತ ನೋಡಿದರು. ಎಂಟೂವರೆ ಇದ್ದದ್ದು ಎಂಟಕ್ಕೆ ಇಳಿದಿತ್ತು. ಅವರು ತಾಯಿ ಕಾರ್ಡಿನಲ್ಲಿ ಬರೆಯುತ್ತಿದ್ದ ಕೈ ನಿಲ್ಲಿಸಿದರು.

"ಮಾತ್ರೆ ಬಿಟ್ಟಿದ್ದೀಯೇನಮ್ಮ?"

"ಇಲ್ಲ ನರ್ಸಮ್ಮ. ಒಂದು ದಿನಾನೂ ಬಿಟ್ಟಿಲ್ಲ."

"ಯಾವುದರ ಜೊತೆ ನುಂಗ್ತೀಯ?"

ರಂಜಿತಾ ನನ್ನ ಮುಖ ನೋಡಿದಳು. ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ. "ನೀರಿನ ಜೊತೆ. ನೀವು ಹೇಳಿದ ಹಾಗೇ."

ನಾನು ಹೇಳಿದ್ದು ಸುಳ್ಳು. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದ ಹುಡುಗಿಯನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಬೇರೆಯಾಗಿ ನಿಲ್ಲಿಸುತ್ತಿದ್ದರು. ಹತ್ತು ವರ್ಷದಲ್ಲಿ ನಾನು ಒಂದು ಸಲವೂ ಹಾಗೆ ನಿಂತವಳಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಲೋಟ ಕಾಫಿಯ ಮರ್ಯಾದೆಗಾಗಿ, ಬಸುರಿ ಸೊಸೆಯ ಎದುರಿಗೆ ಸುಳ್ಳು ಹೇಳಿದೆ.

ನರ್ಸಮ್ಮ ನನ್ನನ್ನು ನಂಬಿದರು. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲೇಬೇಕೆಂದು ಕಾರ್ಡಿನಲ್ಲಿ ಬರೆದು ಹೋದರು. ನಾನು ತೋರಿಸಲಿಲ್ಲ. ನಮ್ಮ ಯಜಮಾನರು, "ಮಾತ್ರೆ ತಿಂದೂ ರಕ್ತ ಇಳಿದಿದೆ ಅಂದ್ರೆ ಮಾತ್ರೆನೇ ಸರಿಯಿಲ್ಲ," ಎಂದರು. ಆ ಮಾತು ನನಗೆ ಹಿತವಾಗಿತ್ತು. ಅದನ್ನೇ ಮಹಿಳಾ ಸಮಾಜದ ಸಭೆಯಲ್ಲಿ ಹೇಳಿದೆ. ಸಮಾಜದ ಅಧ್ಯಕ್ಷೆ ಪಂಕಜಮ್ಮನವರು, "ಹಳೇ ಮಾತ್ರೆ ತಂದು ಹಂಚ್ತಾಳೆ ಅನ್ಸುತ್ತೆ. ನೀವು ದೂರು ಬರೀರಿ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ನಾವೆಲ್ಲ ಸಹಿ ಹಾಕ್ತೀವಿ," ಎಂದರು.

ನಾನು ಬರೆದೆ. ಮುತ್ತಿನಂಥ ಅಕ್ಷರದಲ್ಲಿಯೇ ಬರೆದೆ. ಈ ನರ್ಸು ಕೆಟ್ಟ ಮಾತ್ರೆ ಹಂಚುತ್ತಾರೆ, ಇವರ ಮೇಲೆ ನಮಗೆ ನಂಬಿಕೆಯಿಲ್ಲ ಎಂದು ಬರೆದೆ. ನನ್ನದೂ ಸೇರಿ ಹನ್ನೊಂದು ಸಹಿ ಬಿದ್ದವು. ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಅಚ್ಚಾಗಿರುವ ತಾರೀಖನ್ನು ಹನ್ನೊಂದು ಜನರಲ್ಲಿ ಒಬ್ಬರೂ ತಿರುಗಿಸಿ ನೋಡಲಿಲ್ಲ. ಆಮೇಲೆ ನಾನು ನೋಡಿದೆ. ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು.

ದೂರು ಮೇಲಿನವರಿಗೆ ಹೋಯಿತು. ವಿಚಾರಣೆ ಮುಗಿಯುವವರೆಗೆ ದೇವೀರಮ್ಮನವರನ್ನು ದೂರದ ಹಳ್ಳಿಯ ಉಪಕೇಂದ್ರಕ್ಕೆ ಹಾಕಿದರು. ಬದಲಿಯವರು ಬರುವವರೆಗೆ ಆರು ವಾರ ನಮ್ಮ ವಾರ್ಡಿಗೆ ಯಾವ ನರ್ಸೂ ಬರಲಿಲ್ಲ. ನಮ್ಮ ಬೀದಿಯ ಬಸುರಿಯರ ರಕ್ತ ನೋಡುವವರು ಇರಲಿಲ್ಲ. ನನ್ನ ಸೊಸೆಯದನ್ನೂ ನೋಡುವವರು ಇರಲಿಲ್ಲ. ಕೆಟ್ಟ ಮಾತ್ರೆ ಎಂದು ನಾನೇ ಬರೆದಿದ್ದೆನಾದ್ದರಿಂದ ಅದನ್ನು ಕೊಡುವುದನ್ನೂ ನಿಲ್ಲಿಸಿದ್ದೆ. ಕಾಫಿ ನಿಲ್ಲಿಸಲಿಲ್ಲ.

ಏಳು ತಿಂಗಳು ತುಂಬಿದ ಒಂದು ಬೆಳಗ್ಗೆ ರಂಜಿತಾ ಹಿತ್ತಲ ಬಾಗಿಲಿನ ಹತ್ತಿರ ಕುಸಿದು ಬಿದ್ದಳು. ಎಬ್ಬಿಸಿದಾಗ ಅವಳ ತುಟಿ ಬೆಳ್ಳಗಿತ್ತು. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದೆ. ಅಲ್ಲಿ ಕೆಂಪಿರಲಿಲ್ಲ. ಕಾರಿನಲ್ಲಿ ಮಲಗಿಸಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಏಳು ಪಾಯಿಂಟ್ ಎರಡಕ್ಕೆ ಬಂದಿತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಸುತ್ತಿ ಬಳಸಿ ಮಾತಾಡಲಿಲ್ಲ. "ಈ ಸ್ಥಿತಿಯಲ್ಲಿ ಹೆರಿಗೆ ಆದರೆ, ಎಲ್ಲರಿಗೂ ಹೋಗುವಷ್ಟೇ ರಕ್ತ ಹೋದರೂ ಇವರು ತಡೆಯೋದು ಕಷ್ಟ. ಗೊತ್ತಾಯ್ತಾ?" ಎಂದು ನನ್ನನ್ನು ನೋಡಿ ಹೇಳಿದರು. ಆಮೇಲೆ ರಂಜಿತಾಳ ಕಡೆ ತಿರುಗಿದರು. "ಮಾತ್ರೆ ಯಾವುದರ ಜೊತೆ ತಗೊಳ್ತಾ ಇದ್ರಿ?"

ಅದೇ ಪ್ರಶ್ನೆ. ಈ ಸಲ ರಂಜಿತಾ ನನ್ನ ಮುಖ ನೋಡಲಿಲ್ಲ.

"ಕಾಫಿ ಜೊತೆ, ಡಾಕ್ಟರ್."

"ಯಾರೂ ಹೇಳಲಿಲ್ವಾ ಹಾಗೆ ತಗೋಬಾರದು ಅಂತ?"

"ನರ್ಸಮ್ಮ ಹೇಳಿದ್ರು. ನಾನೂ ಕೇಳಿಸ್ಕೊಂಡಿದ್ದೆ. ಮನೇಲಿ ನಡೀಲಿಲ್ಲ."

ಅವಳು ದನಿ ಎತ್ತಲಿಲ್ಲ. ಅಳಲೂ ಇಲ್ಲ. ನಾನು ಆ ಕೋಣೆಯಲ್ಲಿ ನಿಂತೇ ಇದ್ದೆ. ಕುರ್ಚಿ ಇತ್ತು, ಕೂರಬೇಕೆನಿಸಲಿಲ್ಲ.

ಕಬ್ಬಿಣಾಂಶವನ್ನು ಡ್ರಿಪ್ಪಿನಲ್ಲಿ ಕೊಟ್ಟರು. ಕೆಲವು ದಿನ ಬಿಟ್ಟು ಮತ್ತೊಮ್ಮೆ ಕೊಟ್ಟರು. ಆಮೇಲೆ ಡಾಕ್ಟರಮ್ಮ ಅದೇ ಕೆಂಪು ಮಾತ್ರೆಯನ್ನು ಬರೆದುಕೊಟ್ಟರು. ಅದೇ ಸರಕಾರಿ ಮಾತ್ರೆ. ಈ ಸಲ ಅವಳು ಅದನ್ನು ಊಟವಾದ ಮೇಲೆ ನಿಂಬೆಹಣ್ಣಿನ ನೀರಿನಲ್ಲಿ ನುಂಗಿದಳು. ಊಟಕ್ಕೆ ಎಲ್ಲರ ಜೊತೆ ಒಂದು ಗಂಟೆಗೇ ಕುಳಿತಳು. ನುಗ್ಗೆಸೊಪ್ಪಿನ ಪಲ್ಯ ಮೊದಲು ಅವಳ ತಟ್ಟೆಗೆ ಬಿತ್ತು. ಯಜಮಾನರು, "ಇದೇನು ಹೊಸ ಕ್ರಮ?" ಎಂದರು. "ಇನ್ನು ಮೇಲೆ ಇದೇ ಕ್ರಮ," ಎಂದೆ. ಕಾಫಿ ಕುಡಿಯುವುದನ್ನು ಅವಳು ಬಿಡಲಿಲ್ಲ, ಬಿಡು ಎಂದು ಯಾರೂ ಹೇಳಲೂ ಇಲ್ಲ. ಬೆಳಗ್ಗೆ ಒಂದು ಲೋಟ ಕುಡಿಯುತ್ತಾಳೆ, ಮಾತ್ರೆಗೆ ಬಹಳ ದೂರದಲ್ಲಿ. ಒಂಬತ್ತನೆಯ ತಿಂಗಳಲ್ಲಿ ರಕ್ತ ಹತ್ತೂವರೆಗೆ ಬಂತು. ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಹನ್ನೊಂದನೆಯ ದಿನ ಕಳೆದ ಮೇಲೆ ನಾನು ಬಸ್ಸಿನಲ್ಲಿ ಆ ಹಳ್ಳಿಯ ಉಪಕೇಂದ್ರಕ್ಕೆ ಹೋದೆ. ಮನೆಯ ಕಾರಿನಲ್ಲಿ ಹೋಗುವುದು ಸರಿಯೆನಿಸಲಿಲ್ಲ. ದೇವೀರಮ್ಮನವರು ಒಂದು ಮಗುವಿಗೆ ಚುಚ್ಚುಮದ್ದು ಹಾಕುತ್ತಿದ್ದರು. ನನ್ನನ್ನು ಕಂಡವರು ಮೊದಲು ಕೇಳಿದ್ದು, "ರಂಜಿತಾ ರಕ್ತ ಎಷ್ಟಿದೆ ಅಮ್ಮ ಈಗ?" ಎಂದು.

ಹೆರಿಗೆಗೆ ಮುಂಚೆ ಹತ್ತೂವರೆ ಇತ್ತು ಎಂದೆ. ಕಾಫಿಯ ಜೊತೆ ಕೊಟ್ಟವಳು ನಾನು, ನೀರೆಂದು ಸುಳ್ಳು ಹೇಳಿದವಳು ನಾನು, ದೂರು ಬರೆದವಳೂ ನಾನು ಎಂದೆ. ಕೈಮುಗಿದು ಕ್ಷಮೆ ಕೇಳಿದೆ.

ಅವರು ಆ ಮಗುವನ್ನು ಅದರ ತಾಯಿಯ ಕೈಗೆ ಕೊಟ್ಟರು. ಆಮೇಲೆ ಹೇಳಿದರು. "ಕಾಫಿ ಜೊತೆ ಕೊಟ್ಟಿದ್ದು ನನಗೆ ಬೇಜಾರಿಲ್ಲಮ್ಮ. ಹತ್ತು ಮನೇಲಿ ಒಂಬತ್ತು ಮನೇಲಿ ಹಂಗೇ ಮಾಡ್ತಾರೆ. ನಿಜ ಹೇಳಿದ್ರೆ ಅವತ್ತೇ ಸರಿ ಮಾಡಬಹುದಿತ್ತು. ನೀವು ಓದಿದೋರು, ನೀರು ಅಂದ್ರಿ, ನಂಬಿದೆ. ಆಮೇಲೆ ಹನ್ನೊಂದು ಜನದ ಸಹಿ ತೋರಿಸಿದ್ರು. ಹದಿನಾರು ವರ್ಷ ಆ ಬೀದೀಲಿ ಓಡಾಡಿದ್ದೆ. ಆ ಹನ್ನೊಂದು ಮನೇಲಿ ಏಳು ಮನೆ ಬಾಣಂತನ ನಾನೇ ನೋಡಿದ್ದು."



ಮರುದಿನವೇ ನಾನು ದೂರನ್ನು ಹಿಂದಕ್ಕೆ ಪಡೆದು, ಸುಳ್ಳು ನನ್ನದು ಎಂದು ಬರೆದುಕೊಟ್ಟೆ. ವಿಚಾರಣೆ ಮುಗಿಯಿತು. ದೇವೀರಮ್ಮನವರು ನಮ್ಮ ವಾರ್ಡಿಗೆ ವಾಪಸು ಬಂದಿದ್ದಾರೆ. ಆದರೆ ಕೆಟ್ಟ ಮಾತ್ರೆಯ ಸುದ್ದಿ ಬೀದಿಯಲ್ಲಿ ಹಾಗೇ ಉಳಿದಿದೆ. ಹಿಂದಿನ ಬೀದಿಯ ಇಬ್ಬರು ಬಸುರಿಯರು ಅವರಿಂದ ಮಾತ್ರೆ ತೆಗೆದುಕೊಳ್ಳಲು ಒಪ್ಪುತ್ತಿಲ್ಲ. ಕಳೆದ ಸಭೆಯಲ್ಲಿ ನಾನು ಈ ವಿಷಯ ಎತ್ತಿದೆ. "ಹೆರಿಗೆ ಆಯ್ತು, ನರ್ಸೂ ವಾಪಸ್ ಬಂದಳು. ಇನ್ನು ನಾವೆಲ್ಲ ಯಾಕೆ ತಲೆ ತಗ್ಗಿಸಬೇಕು? ನಮ್ಮ ಮನೆತನಗಳಿಗೂ ಒಂದು ಮರ್ಯಾದೆ ಇಲ್ವಾ?" ಎಂದರು ಪಂಕಜಮ್ಮನವರು. ಉಳಿದವರು ತಲೆಯಾಡಿಸಿ ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಂಡರು.

ಆದ್ದರಿಂದ ಇದನ್ನು ಬರೆದು ಗುಂಪಿಗೆ ಹಾಕುತ್ತಿದ್ದೇನೆ.

ನೀತಿ: ಔಷಧ ಹೊಟ್ಟೆಗೆ ಹೋದರೆ ಸಾಲದು, ಮೈಗೆ ಹತ್ತಬೇಕು. ಅದಕ್ಕೆ ತಿಳಿದವರು ಹೇಳಿದ ಕ್ರಮವನ್ನು ಪಾಲಿಸಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ಕೊಡಬಾರದು. ಮನೆಯ ಹೆಂಗಸರನ್ನು ಕೊನೆಯಲ್ಲಿ ಊಟಕ್ಕೆ ಕೂರಿಸಬಾರದು. ಮನೆಯ ಪದ್ಧತಿ ಎಷ್ಟೇ ಹಳೆಯದಾಗಿರಲಿ, ಅದನ್ನು ಕಾಯಲು ಸುಳ್ಳು ಹೇಳಿದರೆ ಅದರ ಬೆಲೆಯನ್ನು ತೆರುವವಳು ಆ ಮನೆಯ ಸೊಸೆ. ಒಬ್ಬರ ಹೆಸರು ಕೆಡಿಸಲು ಸಹಿ ಹಾಕಿದ ಕೈ, ಆ ಹೆಸರನ್ನು ಸರಿಪಡಿಸಲೂ ಸಹಿ ಹಾಕಬೇಕು.

ಪಂಕಜಮ್ಮನವರೂ ಸೇರಿ ಉಳಿದ ಹತ್ತು ಜನ ಬರುವ ಸೋಮವಾರದೊಳಗೆ ದೇವೀರಮ್ಮನವರಲ್ಲಿ ಬರವಣಿಗೆಯ ಮೂಲಕ ಕ್ಷಮೆ ಕೇಳತಕ್ಕದ್ದು.