ಕೆಂಡದ ಮೇಲೆ ಕಾಫಿಪುಡಿ

ಕುರಿಮಾಂಸದ ತುಂಡಿಗೆ ಸವರಲು ಮಸಾಲೆ ಕಲಸುತ್ತಿದ್ದ ತಟ್ಟೆಗೆ ಕಾಫಿಪುಡಿ ಬಂದು ಬಿದ್ದಾಗ ಕಾಳುಮೆಣಸಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಒಂದೇ ತೋಟದಿಂದ ಈ ದೂರದ ಊರಿಗೆ ಬಂದವರು.

“ಏನಕ್ಕಾ, ಲೋಟದ ದಾರಿ ತಪ್ಪಿತೇ? ತೋಟದಲ್ಲೂ ನಾನು ನಿನ್ನ ತಲೆಯ ಮೇಲಿದ್ದವನು. ಇಲ್ಲಿ ನಿನಗೇನು ಕೆಲಸ?”

“ಮೆಣಸಣ್ಣ, ನೀನು ಮೇಲಿದ್ದದ್ದು ಮರವನ್ನು ಅಪ್ಪಿಕೊಂಡು. ನಾನು ನಿಂತದ್ದು ನನ್ನ ಕಾಲ ಮೇಲೆ,” ಎಂದಿತು ಕಾಫಿ.

“ಬೆಂಕಿ ಕಂಡಾಗ ಗೊತ್ತಾಗುತ್ತದೆ, ಬಾ!”

“ಹುರಿಯುವವರೆಗೆ ನಾನು ಬರೀ ಬೀಜ. ಬೆಂಕಿ ಕಂಡ ಮೇಲೇ ಕಾಫಿಯಾದದ್ದು.”

ಮಸಾಲೆ ಮೆತ್ತಿದ ತುಂಡು ಕೆಂಡದ ಮೇಲೇರಿತು. ಕೊಬ್ಬು ಕರಗಿ ರಸ ಹರಿಯತೊಡಗಿದ್ದೇ ಮೆಣಸಿನ ಕಾಲು ಜಾರಿತು.

“ಅಕ್ಕಾ, ಬಿದ್ದೆ! ಬೂದಿಯಾದೆ!”

ಹರಿದ ರಸವನ್ನೆಲ್ಲ ಕಾಫಿ ಕುಡಿದು, ತುಂಡಿನ ಸುತ್ತ ಗಟ್ಟಿಯಾಗಿ ಕಚ್ಚಿಕೊಂಡು, ಮೆಣಸನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡಿತು.

ಊಟಕ್ಕೆ ಕುಳಿತವರು, “ಆಹಾ, ಮೆಣಸಿನ ಖಾರ ನೋಡಿ!” ಎಂದು ಚಪ್ಪರಿಸಿದರು.

ಮೆಣಸಿಗೆ ನಾಚಿಕೆಯಾಯಿತು. “ನಿನ್ನ ಹೆಸರನ್ನು ಕೂಗಿ ಹೇಳಲೇ, ಅಕ್ಕಾ?”

“ಬೇಡಪ್ಪ. ತುಂಡಿನ ಮೈತುಂಬ ಮಿರುಗುವ ಈ ಕಪ್ಪು ನನ್ನದು. ಕಣ್ಣಿದ್ದವರು ನೋಡಲಿ.”