ಪಟಿಕದ ಕಲ್ಲೂ ನೇರಳಾತೀತ ದೀಪವೂ

ನದಿ ದಡದ ಒಂದೂರಿನ ನೀರಿನ ಮನೆಯಲ್ಲಿ ಪಟಿಕದ ಕಲ್ಲೂ, ಟ್ಯೂಬ್‌ಲೈಟಿನಷ್ಟೇ ಕರೆಂಟು ತಿನ್ನುವ ನೇರಳಾತೀತ ದೀಪವೂ ಕೆಲಸಕ್ಕಿದ್ದವು. ಕಲ್ಲು ತೊಟ್ಟಿಯ ಕೆಸರನ್ನು ತಳಕ್ಕಿಳಿಸುತ್ತಿತ್ತು. ತಿಳಿಯಾದ ನೀರು ದೀಪದ ಕೆಳಗೆ ಹರಿದು ನಲ್ಲಿಗೆ ಬರುತ್ತಿತ್ತು.

ಒಂದು ದಿನ ಕಲ್ಲು ಕೇಳಿತು: “ತಮ್ಮ ಹತ್ತಿರ ನೀರು ತಿಳಿಯಾಗಿ ಬರುತ್ತದೆ, ತಿಳಿಯಾಗಿಯೇ ಹೋಗುತ್ತದೆ. ನಡುವೆ ತಾವು ಮಾಡುವುದೇನು?”

“ರೋಗಾಣುಗಳನ್ನು ಕೊಲ್ಲುತ್ತೇನೆ,” ಎಂದಿತು ದೀಪ.

“ಅದನ್ನು ಯಾರಾದರೂ ಕಂಡಿದ್ದಾರೆಯೇ?”

“ಇಲ್ಲ. ತಾವು ಕೆಸರು ತೆಗೆಯದಿದ್ದರೆ ನನ್ನ ಬೆಳಕು ಅವುಗಳನ್ನು ಮುಟ್ಟುವುದೂ ಇಲ್ಲ.”

ನೀರಿನ ಮನೆ ನೋಡಿಕೊಳ್ಳುತ್ತಿದ್ದ ದ್ಯಾಮವ್ವನಿಗೂ ಕಲ್ಲಿನ ಅನುಮಾನವೇ ಇತ್ತು. ಸುಮ್ಮನೆ ಕರೆಂಟು ದಂಡವೆಂದು ಅವಳು ದೀಪ ಆರಿಸಿದಳು. ನೀರು ಮೊದಲಿನಷ್ಟೇ ತಿಳಿಯಾಗಿ ಬಂತು. ವಾರ ಕಳೆಯುವುದರೊಳಗೆ ಊರಿನಲ್ಲಿ ವಾಂತಿಭೇದಿ ಶುರುವಾಯಿತು. ದ್ಯಾಮವ್ವನ ಮೊಮ್ಮಗಳೂ ಆಸ್ಪತ್ರೆ ಸೇರಿದಳು.

“ಮಗು ಯಾವ ನೀರು ಕುಡಿಯಿತು?” ಎಂದು ಡಾಕ್ಟರು ಕೇಳಿದರು. ದ್ಯಾಮವ್ವ ಎದ್ದು, ನೇರ ನೀರಿನ ಮನೆಗೆ ಬಂದು ದೀಪ ಹಚ್ಚಿದಳು. ದಿನ ಕಳೆದಂತೆ ಕಾಯಿಲೆ ಇಳಿಯಿತು. ಮಗು ಮನೆಗೆ ಬಂತು.

ಆಮೇಲೊಂದು ಬೆಳಿಗ್ಗೆ ನೀರಿಗೆ ಬಂದ ನೆರೆಯವಳು ಕೊಡದೊಳಗೆ ಇಣುಕಿ ನೋಡಿ, “ದ್ಯಾಮಕ್ಕಾ, ಈ ಸಲ ಪಟಿಕ ಒಳ್ಳೇದು ಬಂದೈತಿ,” ಎಂದಳು.

ಕಲ್ಲಿಗೆ ಸಂಕೋಚವಾಯಿತು. “ನಿಜ ಸಂಗತಿ ಅವರಿಗೆ ತಿಳಿಸಲೇ?” ಎಂದು ದೀಪವನ್ನು ಕೇಳಿತು.

“ಬೇಡ,” ಎಂದಿತು ದೀಪ. “ಸ್ವಿಚ್ಚು ಮುಟ್ಟದಿದ್ದರೆ ಸಾಕು.”